ಒಂಟಿ ಸಾಲು

ಹಶ್ಮತ್ ಅಲಿಯವರಿಗೆ ಆ ಸಾಲು ಸಿಕ್ಕಿದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಹೈದರಾಬಾದಿನ ಹಳೇ ಪೇಟೆಯಲ್ಲಿ, ಶಾಲೆಯಲ್ಲಿ ಮಕ್ಕಳಿಗೆ ಫಾರಸಿ ಪಾಠ ಹೇಳಿ ಮುಗಿಸಿ ಮನೆಗೆ ನಡೆದು ಬರುತ್ತಿದ್ದಾಗ. ‘ನಾನು ದಾರಿ ನೋಡುತ್ತಲೇ ಇದ್ದೆ, ಸಂಜೆಯಾಗಿ ಹೋಯಿತು.’ ಗಜಲಿನ ದ್ವಿಪದಿಗೆ ಎರಡು ಸಾಲು ಬೇಕು. ಇದು ಎರಡನೆಯದು ಎಂಬುದು ಬಂದ ಗಳಿಗೆಯಲ್ಲೇ ಗೊತ್ತಾಯಿತು. ಮೊದಲನೆಯದು ಇನ್ನೇನು ಬಂದೀತು ಎಂದು ಅವರು ರಸ್ತೆಯ ಬದಿಗೆ ಸರಿದು ಸ್ವಲ್ಪ ಹೊತ್ತು ನಿಂತರು. ಬರಲಿಲ್ಲ. ಅಲ್ಲಿಂದ ಐವತ್ತನಾಲ್ಕು ವರ್ಷ ಬರಲಿಲ್ಲ.

ಅದನ್ನು ಹುಡುಕುತ್ತ ಹುಡುಕುತ್ತ ಬೇರೆ ಸಾಲುಗಳು ಬಂದವು. ಎರಡು ಸಂಕಲನಗಳಾದವು, ಒಂದು ಶಾಲೂ ಬಂತು. ಆದರೆ ಊರವರು ಹೊಗಳಿದ ಗಜಲುಗಳೆಲ್ಲ ತನಗೆ ದಾರಿಯಲ್ಲಿ ಸಿಕ್ಕ ಚಿಲ್ಲರೆ ಎಂದೇ ಅವರ ಭಾವನೆ. ಪ್ರತಿ ಸಂಜೆ ಕಿಟಕಿಯ ಪಕ್ಕದ ಮರದ ತಖ್ತಿನ ಮೇಲೆ ಬೀದಿಗೆ ಮುಖ ಮಾಡಿ ಕೂತು, ತೊಡೆಯ ಮೇಲೆ ಕಾಗದ ಇಟ್ಟುಕೊಂಡು, ಆ ಒಂದೇ ಸಾಲನ್ನು ಗುನುಗುತ್ತಿದ್ದರು. ಬೇರಾವ ಕವಿಗೂ ಅದನ್ನು ಹೇಳಿರಲಿಲ್ಲ. ಎಷ್ಟೇ ಆತ್ಮೀಯನಾದರೂ ಕವಿಯನ್ನು ನಂಬುವ ಹಾಗಿಲ್ಲ ಎನ್ನುವುದು ಕವಿಗಳಿಗಲ್ಲದೆ ಇನ್ನಾರಿಗೆ ಗೊತ್ತು?

ಹೆಂಡತಿ ಖುದ್ಸಿಯಾ ಬೇಗಂ ಚಹಾ ತಂದಿಡುವಳು, ದೀಪ ತಂದಿಡುವಳು, ಹೋಗುವಳು. ಒಮ್ಮೊಮ್ಮೆ, “ಬಂದಳಾ ನನ್ನ ಸವತಿ?” ಎಂದು ಕೇಳುವಳು. ಇವರು ತಲೆ ಎತ್ತದೆ ಇಲ್ಲವೆನ್ನುವರು.

ಎಪ್ಪತ್ತಾರು ತುಂಬಿದ ವರ್ಷ ಕೈ ನಡುಗಲು ಶುರುವಾಯಿತು. ಆ ಸಾಲು ತನ್ನೊಡನೆಯೇ ಗೋರಿಗೆ ಹೋಗುತ್ತದೆಂಬ ಹೆದರಿಕೆ ಹುಟ್ಟಿತು. ಪ್ರತಿ ತಿಂಗಳು ಪೇಟೆಯ ಕವಿಗಳು ಒಂದೆಡೆ ಸೇರುತ್ತಿದ್ದರು. ಯಾರಾದರೂ ಹಿರಿಯರು ಒಂದು ಸಾಲು ಕೊಡಬೇಕು, ಉಳಿದವರು ಅದಕ್ಕೆ ತಮ್ಮ ಸಾಲು ಜೋಡಿಸಿ ಗಂಟು ಹಾಕಿ ತರಬೇಕು. ಕೊಟ್ಟ ಸಾಲು ಆಮೇಲೆ ಕೊಟ್ಟವರದಲ್ಲ. ಆ ತಿಂಗಳು ಹಶ್ಮತ್ ಅಲಿಯವರು ಎದ್ದು ನಿಂತು, ಹೊಟ್ಟೆಯೊಳಗಿನದನ್ನು ಕಿತ್ತು ಕೊಡುವವರಂತೆ, ಆ ಸಾಲನ್ನು ಕೊಟ್ಟುಬಿಟ್ಟರು.

ಮುಂದಿನ ತಿಂಗಳು ಶುಕ್ರವಾರ ಮಧ್ಯಾಹ್ನ, ಇಸ್ತ್ರಿ ಮಾಡಿದ ಶೇರ್ವಾನಿ ತೊಟ್ಟು, ಮಗಳನ್ನು ನೋಡಲು ವರ ಬರುತ್ತಾನೇನೋ ಎಂಬಂತೆ ಹೋಗಿ ಮುಂದಿನ ಸಾಲಿನಲ್ಲಿ ಕೂತರು. ಇಪ್ಪತ್ತಮೂರು ಜನ ಗಂಟು ಹಾಕಿ ತಂದಿದ್ದರು. ಒಬ್ಬ ತನ್ನ ಸಾಲಿಗೆ ಒಂಟೆಗಳ ಹಿಂಡು ತಂದ, ಒಬ್ಬ ಬುಲ್‌ಬುಲ್ ತಂದ, ಇಬ್ಬರು ತಮ್ಮ ಕಾಲಿನ ಮುಳ್ಳು ತಂದರು. ವಕೀಲ ಯಾವರ್ ಖಾನ್ ಸಾಹೇಬರಂತೂ ಮಸಣವನ್ನೇ ತಂದು ಚಪ್ಪಾಳೆ ಹೊಡೆಸಿಕೊಂಡರು. ಹಶ್ಮತ್ ಅಲಿಯವರು ಎಲ್ಲರಿಗೂ ವಾಹ್ ಅಂದರು. ಒಂದೂ ಆ ಸಾಲಿನ ಜೋಡಿಯಾಗಿರಲಿಲ್ಲ. ಈಗ ಅದು ತನ್ನದೂ ಅಲ್ಲ.

ಮನೆಗೆ ಬಂದು ಶೇರ್ವಾನಿ ಬಿಚ್ಚದೆ ಕಿಟಕಿಯ ಬಳಿ ಕೂತರು. ಕತ್ತಲಾಗುತ್ತ ಬಂದಿತ್ತು. ಕರೆಂಟು ಹೋಗಿತ್ತು. ಖುದ್ಸಿಯಾ ಬೇಗಂ ಕಂದೀಲು ಹಿಡಿದು ಬಂದು, ಏನಾಯಿತೆಂದು ಕೇಳಿದಳು. ಸಾಲನ್ನು ಸಭೆಗೆ ಕೊಟ್ಟೆ, ಬರಿಗೈಯಲ್ಲಿ ಬಂದೆ ಎಂದರು.

“ಊರವರ ಬಾಯಿಗೆ ಹಾಕೋ ಮುಂಚೆ ಮನೇಲಿರೋಳನ್ನ ಒಂದು ಮಾತು ಕೇಳಬಹುದಿತ್ತು, ಉಸ್ತಾದರೇ.”

“ನಿನ್ನ ಕೇಳಿ ಏನು ಮಾಡ್ಲಿ, ಬೇಗಂ?”

ಆಕೆ ಕಂದೀಲನ್ನು ಕೆಳಗಿಡದೆ, ಅಡುಗೆಮನೆಯಲ್ಲಿ ಗುನುಗುವಷ್ಟೇ ಮೆಲ್ಲಗೆ ಹೇಳಿದಳು:

“ಬರಬೇಕಾದವರು ಬೆನ್ನ ಹಿಂದೆ ದೀಪ ಹಿಡಿದೇ ನಿಂತಿದ್ದರು,
ನಾನು ದಾರಿ ನೋಡುತ್ತಲೇ ಇದ್ದೆ, ಸಂಜೆಯಾಗಿ ಹೋಯಿತು.”

ಹಶ್ಮತ್ ಅಲಿಯವರು ಕೂತಲ್ಲೇ ಆಕೆಯ ಕಡೆ ತಿರುಗಿದರು. ಅದೇ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಯಾವಾಗ ಕಟ್ಟಿದೆ ಎಂದು ಕೇಳಿದರು. ಮದುವೆಯಾದ ಎರಡನೇ ವರ್ಷ, ಇದೇ ಜಾಗದಲ್ಲಿ, ಇದೇ ಹೊತ್ತಿನಲ್ಲಿ, ನೀವು ತಿರುಗಿ ನೋಡದಿದ್ದ ಒಂದು ದಿನ ಎಂದಳು. ಅವರಿಗೆ ಸಿಟ್ಟು ಬಂತು. ಐವತ್ತು ವರ್ಷ ತನ್ನನ್ನು ಉರಿಯಲು ಬಿಟ್ಟು ಬಾಯಿ ಮುಚ್ಚಿಕೊಂಡಿದ್ದೆಯಾ ಎಂದು ಕೂಗಾಡಿದರು.

“ಅವತ್ತೇ ಹೇಳಿದ್ರೆ ನೀವು ಅವತ್ತೇ ಎದ್ದು ಹೋಗ್ತಿದ್ರಿ. ಹುಡುಕ್ತಾ ಕೂತಿದ್ದಕ್ಕೆ ತಾನೆ ಅಷ್ಟೆಲ್ಲ ಬರೆದಿದ್ದು? ಬರೀಲಿ ಅಂತ ಸುಮ್ಮನಿದ್ದೆ.”

ಅವರಿಗೆ ತಮ್ಮ ಎರಡು ಪುಸ್ತಕಗಳೂ ಈಕೆ ಕೊಟ್ಟ ದಾನ ಎನಿಸಿ ನಾಚಿಕೆಯಾಯಿತು. ಆಮೇಲೆ, ಹಸಿದವನಿಗೆ ಅನ್ನದ ವಾಸನೆ ಬಡಿದ ಹಾಗೆ, ಇನ್ನೊಂದು ಆಸೆ ಹುಟ್ಟಿತು.

“ನಿನ್ನ ಹತ್ರ ಇಂಥವು ಇನ್ನೂ ಇದ್ದಾವಾ?”

“ಇದ್ದವು. ರೊಟ್ಟಿ ಬೇಯಿಸುವಾಗ ದಿನಾ ಬರೋವು. ಎಷ್ಟು ದಿನ ತಲೇಲಿ ಹೊತ್ಕೊಳ್ಳೋದು? ಹೋದವು. ಇದೊಂದು ಉಳೀತು, ಇದರ ಇನ್ನರ್ಧನ ನೀವು ದಿನಾ ಗುನುಗ್ತಿದ್ರಲ್ಲ.”

“ಬರೆದಿಡಬಾರದಿತ್ತಾ?”

ಆಕೆ ನಕ್ಕಳು. ಆ ಕಾಲದ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಓದು ಕಲಿಸುತ್ತಿದ್ದರು, ಬರಹ ಕಲಿಸುತ್ತಿರಲಿಲ್ಲ. ಬರೆಯಲು ಬಂದರೆ ಯಾರಿಗಾದರೂ ಓಲೆ ಬರೆದಾಳೆಂಬ ಭಯ. ಪರರ ಮಕ್ಕಳ ಕೈ ಹಿಡಿದು ಮೂವತ್ತೈದು ವರ್ಷ ಅಕ್ಷರ ತಿದ್ದಿಸಿದ ಹಶ್ಮತ್ ಅಲಿಯವರಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಅವರಿಗೆ ನೆನಪಾಗಿರಲಿಲ್ಲ, ಅಷ್ಟೇ. ಅವರು ಗೋಡೆಯ ಕಡೆ ಮುಖ ತಿರುಗಿಸಿ ಅತ್ತರು. ಬಾರದ ಸಾಲಿಗಾಗಿ ಎಂದೂ ಹೀಗೆ ಅತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಪಕ್ಕದ ಮನೆಯವರನ್ನು ಕರೆದು ತಖ್ತನ್ನು ಕಿಟಕಿಯ ಬಳಿಯಿಂದ ಎತ್ತಿಸಿ ಅಡುಗೆಮನೆಯ ಬಾಗಿಲಿಗೆ ಎದುರಾಗಿ ಹಾಕಿಸಿದರು. ಕಾಗದ, ಲೇಖನಿ ಇಟ್ಟುಕೊಂಡು ಕೂತರು. ಖುದ್ಸಿಯಾ ಬೇಗಂ ಹಿಟ್ಟು ಕಲಸುತ್ತ, ಈ ವಯಸ್ಸಿನಲ್ಲಿ ಎದುರಿಗೆ ಕೂತು ನೋಡಿದರೆ ನೆರೆಯವರು ನಗುತ್ತಾರೆ ಎಂದು ಬೈದಳು. ಹೋದದ್ದು ಹೋಯಿತು, ಕಾದರೆ ಬರುವುದಿಲ್ಲ ಎಂದಳು.

“ನನಗೆ ಕಾಯೋದು ಗೊತ್ತು, ಬೇಗಂ. ನೀನು ರೊಟ್ಟಿ ಬೇಯಿಸು.”

ಆಕೆ ಮೊದಲ ರೊಟ್ಟಿಯನ್ನು ಹೆಂಚಿಗೆ ಹಾಕಿದಳು. ನಡುಗುವ ಕೈಯಲ್ಲಿ ಲೇಖನಿ ಹಿಡಿದು ಹಶ್ಮತ್ ಅಲಿಯವರು ಆಕೆಯ ತುಟಿಗಳನ್ನೇ ನೋಡುತ್ತ ಕೂತರು.