ತಂತಿಯಿಲ್ಲದ ರೈಲು

ರೈಲು ಹುಚ್ಚರಿಗೆಂದೇ ಇದ್ದ ನಮ್ಮ ‘ಹಳಿಮಿತ್ರ’ ಮಾಸಪತ್ರಿಕೆಯನ್ನು ವಾಮದೇವಪ್ಪನವರು ಕಣ್ಣು ಮಂಜಾದ ಮೇಲೆ ಮಾರಿದರು. ಕೊಂಡವರು ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿರುವ ರಾಜಕುಮಾರ್. ಮೇಜು, ಕುರ್ಚಿ, ಫ್ಯಾನಿನ ಜೊತೆಗೆ ಉಪಸಂಪಾದಕಿಯಾದ ನಾನೂ ಅವರ ಪಾಲಿಗೆ ಬಂದೆ. ಎಂಜಿನ್ನುಗಳ ಲೇಖನ ಕಡಿಮೆಯಾಗಿ ರಾಶಿಫಲ ಬಂತು, ಆಮೇಲೆ ಸೀರೆ ಜಾಹೀರಾತು. ಚಂದಾದಾರರು ಒಬ್ಬೊಬ್ಬರೇ ಕಳಚಿಕೊಂಡರು.

“ಈ ಸಲ ಹರಿಹರದ ಕೂಟದಾಗ ಎಲ್ಲಾ ಕಾಪಿ ಹೋಗ್ಬೇಕು. ಇಲ್ಲಾಂದ್ರೆ ಮುಂದಿನ ತಿಂಗ್ಳಿಂದ ರೈಲು ಬಂದ್. ಬರೀ ವಧು-ವರರ ಫೋಟೋ,” ಎಂದರು ರಾಜಕುಮಾರ್. ನಾಲ್ಕು ಜನರೆದುರು ನಾಲಿಗೆ ಏಳದ ನಾನು ಬಾಯ್ತುಂಬ ಮಾತಾಡುವುದು ಆ ರೈಲಿನ ಪುಟಗಳಲ್ಲಿ ಮಾತ್ರ.

ಕೂಟವೆಂದರೆ ತಿಂಗಳಿಗೊಂದು ಭಾನುವಾರ ಓದುಗರು ಹರಿಹರ ಸ್ಟೇಷನ್ನಿನಲ್ಲಿ ಸೇರಿ ಹೊಸ ಸಂಚಿಕೆ ಕೊಳ್ಳುವುದು. ಕೊಂಡ ಪ್ರತಿಯಲ್ಲಿ ತಪ್ಪು ಹಿಡಿದವರಿಗೆ ಸಂಪಾದಕರ ಖರ್ಚಿನಲ್ಲಿ ಮಂಡಕ್ಕಿ-ಮಿರ್ಚಿ ಎಂಬ ಪದ್ಧತಿಯೂ ಇತ್ತು. ವಾಮದೇವಪ್ಪನವರ ಕಾಲದಲ್ಲಿ ತಿಂದವರು ಅಪರೂಪ.

ಹೊಸ ಮುಖಪುಟ ನೋಡಿ ಬೆಚ್ಚಿಬಿದ್ದೆ. ತುಂಗಭದ್ರಾ ಸೇತುವೆಯ ಮೇಲೆ ಕರೆಂಟಿನ ಎಂಜಿನ್ನು. ತಂತಿ ಮುಟ್ಟಲು ನೆತ್ತಿಯ ಕೊಂಡಿ ಎದ್ದು ನಿಂತಿದೆ, ತಂತಿಯೇ ಇಲ್ಲ! ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಲೀಡರುಗಳ ತಲೆಯ ಹಿಂದಿನ ವೈರು ಅಳಿಸಿ ರೂಢಿಯಾದ ಕೈ ಇದನ್ನೂ ಅಳಿಸಿತ್ತು.

“ಸರ್... ತಂತಿ...”

“ಅಸಹ್ಯ ಕಾಣ್ತಿತ್ತು ಕಣಮ್ಮ. ಕ್ಲೀನ್ ಮಾಡ್ಸೀನಿ!”

ಭಾನುವಾರ ಮೊದಲ ಪ್ರತಿ ಕೊಂಡವರು ಮಲೆಬೆನ್ನೂರಿನ ಟೈಲರ್ ಹುಸೇನ್ ಸಾಬ್. “ಏನ್ರೀ ರಾಜಕುಮಾರಣ್ಣ, ಈ ಗಾಡಿಗೇನ್ ಸೆಲ್ ಹಾಕೀರೇನು? ನನ್ ಮಿರ್ಚಿ ತರಸ್ರಿ ಮೊದ್ಲು!”

ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಗು. ಮಿರ್ಚಿ ಬೇಕೆಂದರೆ ಪ್ರತಿ ಕೊಳ್ಳಲೇಬೇಕಲ್ಲ, ಎಲ್ಲರೂ ಮುಗಿಬಿದ್ದರು.

“ರಾಶಿಫಲದಾಗ ಹನ್ನೊಂದೇ ರಾಶಿ ಅದಾವು! ಕನ್ಯಾ ಯಾರ್ ಜೊತಿ ಓಡಿಹೋದ್ಲು?” ಎಂದು ಯಾರೋ ಕೂಗಿದರು.

ಪತ್ರಿಕೆ ಮಾರಿದರೂ ಕೂಟ ತಪ್ಪಿಸದ ವಾಮದೇವಪ್ಪನವರು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತ ಕೈ ಚಾಚಿದರು. “ನಂಗೂ ಒಂದು ಕಾಪಿ ಕೊಡವ್ವ ಸುಷ್ಮಾ. ಇಷ್ಟು ವರ್ಷ ಸಂಪಾದಕ ಅಂತ ನಂಗೆ ಒಂದ್ ಮಿರ್ಚಿನೂ ಸಿಕ್ಕಿಲ್ಲ.”

ನನ್ನ ಕೈಯಲ್ಲಿದ್ದ ಕಟ್ಟು ಖಾಲಿಯಾಯಿತು. ಹೊರಗಿನ ಮಿರ್ಚಿ ಗಾಡಿಯೂ ಖಾಲಿಯಾಯಿತು. ಮಿರ್ಚಿಯ ದುಡ್ಡು ಕೊಟ್ಟೂ ರಾಜಕುಮಾರ್ ಹಿಗ್ಗಿ ಹೀರೇಕಾಯಿಯಾಗಿದ್ದರು. “ರೈಲು ಇರ್ಲಿ ಬಿಡಮ್ಮ! ಮುಂದಿನ ಸಲ ಹಳಿನೂ ಅಳಿಸ್ಬಿಡಾಣ. ಜನ ತಪ್ಪಿಗೇ ಬೀಳ್ತಾರ.”

“ಬ್ಯಾಡ್ರಿ!”

ಕೂಗಿದ್ದು ನಾನೇ. ಸುತ್ತಲಿನವರೆಲ್ಲ ತಿರುಗಿ ನೋಡಿದರು.

“ಹಂಗಾರೆ ಎಲ್ಲಾ ಸರಿ ಇದ್ರೆ ಯಾರ್ ತಗಂತಾರೆ, ಹೇಳು?” ಎಂದರು ರಾಜಕುಮಾರ್.

ಅಷ್ಟರಲ್ಲಿ ದಾವಣಗೆರೆ ಕಡೆಯಿಂದ ಗಾಡಿಯೊಂದು ಕೂಗುತ್ತ ಬಂತು. ಹುಸೇನ್ ಸಾಬರು, ಅವರ ಕೈ ಹಿಡಿದು ವಾಮದೇವಪ್ಪನವರು, ಎಲ್ಲರೂ ರಾಜಕುಮಾರರನ್ನು ಅಲ್ಲೇ ಬಿಟ್ಟು ನೋಡಲು ಓಡಿದರು. ಇನ್ನೊಂದು ತಿಂಗಳಂತೂ ರೈಲು ಉಳಿಯಿತು ಎಂದುಕೊಂಡು, ನಗು ತಡೆಯಲಾರದೆ, ನಾನೂ ಓಡಿದೆ.