ನೆರೆ ಬಂದ ಮೇಜು

ಮಾನ್ಯ ವಾಚಕ ಮಹಾಶಯರೇ, ನಲವತ್ತು ನಿಮಿಷಗಳ ಒಂದೇ ಪಿರಿಯಡ್ಡಿನಲ್ಲಿ ಪ್ರಪಂಚವನ್ನು ತೋರಿಸಿಕೊಡುತ್ತೇನೆಂದು ಹೊರಟ ಒಬ್ಬ ಮನುಷ್ಯನ ವೃತ್ತಾಂತವನ್ನು ತಮ್ಮ ಅವಗಾಹನೆಗೆ ತರಲು ಅಪ್ಪಣೆಯಾಗಬೇಕು.

ಅವನನ್ನು ಎಲ್ಲರೂ ಪೆಟ್ಟಿಗೆ ಮೇಷ್ಟ್ರು ಎನ್ನುತ್ತಿದ್ದರು. ತಗಡಿನ ಪೆಟ್ಟಿಗೆ ಹೊತ್ತು ಊರೂರಿನ ಶಾಲೆಗಳಿಗೆ ಹೋಗಿ, ತಾನೇ ರಟ್ಟು ಕತ್ತರಿಸಿ ಮಾಡಿದ ಆಟವೊಂದನ್ನು ಆಡಿಸುವುದು ಅವನ ಕಸುಬು. ಆಟದಲ್ಲಿ ಒಂದೊಂದು ಮೇಜೂ ಒಂದೊಂದು ದೇಶ. ಒಂದು ದೇಶಕ್ಕೆ ಕಾಳು ಹೆಚ್ಚು, ಇನ್ನೊಂದಕ್ಕೆ ಔಷಧ ಹೆಚ್ಚು. ಕಾಳೂ ಔಷಧವೂ ರಟ್ಟಿನ ಚೀಟಿಗಳೇ. ಸರದಿ ಬಂದಾಗ ಇನ್ನೊಂದು ಕಟ್ಟಿನಿಂದ ಚೀಟಿ ಎತ್ತಿ, ಅದರಲ್ಲಿ ಬಂದದ್ದನ್ನು ಎದುರಿಸಬೇಕು. ಇಲ್ಲದ್ದನ್ನು ಬೇರೆ ಮೇಜಿನವರ ಬಳಿ ಮಾತಾಡಿ ಪಡೆಯಬೇಕು. ದೂರದ ಜನರ ಕಷ್ಟಸುಖ ಮಕ್ಕಳ ತಲೆಗೆ ಹತ್ತಲು ಇದಕ್ಕಿಂತ ನೇರ ದಾರಿಯಿಲ್ಲವೆಂದು ಅವನ ನಂಬಿಕೆ. ಆದರೆ ಆ ವರ್ಷ ಮೂರು ಶಾಲೆಗಳು ಅವನಿಗೆ ಬಾಗಿಲು ತೋರಿಸಿದ್ದವು. ನಾಲ್ಕನೆಯದೂ ಕೈಕೊಟ್ಟರೆ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿ, ಭಾವನ ಅಚ್ಚುಕೂಟದಲ್ಲಿ ಕೆಲಸಕ್ಕೆ ಕೂರುತ್ತೇನೆಂದು ಅಕ್ಕನಿಗೆ ಮಾತು ಕೊಟ್ಟಿದ್ದ.

ನಾಲ್ಕನೆಯ ಶಾಲೆಯ ದೊಡ್ಡ ಮೇಡಂ ಭಾಷಾಪಾಠ ಹೇಳಿ ಹೇಳಿ ತಲೆ ನರೆಸಿಕೊಂಡವರು.

“ಒಂದು ಪಿರಿಯಡ್ ಕೊಡ್ತೀನಿ. ಮಕ್ಕಳು ಏನಾದ್ರೂ ಕಲಿತ್ರು ಅಂತ ನನ್ನ ಕಣ್ಣಿಗೆ ಕಾಣ್ಬೇಕು. ಬರೀ ಗಲಾಟೆ ಆದ್ರೆ ನಿಮ್ಮ ಪೆಟ್ಟಿಗೆ, ನಿಮ್ಮ ದಾರಿ,” ಎಂದು ಹಿಂದಿನ ಬೆಂಚಿನಲ್ಲಿ ಕುಳಿತರು.

ಗಲಾಟೆಯಂತೂ ಆಯಿತು. ಔಷಧದ ಮೇಜಿನ ಯಜಮಾನಿಕೆ ಒಬ್ಬ ದಪ್ಪ ಕನ್ನಡಕದ ಹುಡುಗಿಯದು. ಅವಳಿಗೆ ಮಕ್ಕಳು ಆಗಲೇ ಡಾಕ್ಟ್ರಮ್ಮ ಎಂದು ಹೆಸರಿಟ್ಟಿದ್ದರು.

“ಎರಡು ಮೂಟೆ ಕಾಳಿಗೆ ಒಂದೇ ಗುಳಿಗೆನಾ? ನಿಮ್ಮ ದೇಶಕ್ಕೆ ನಾಚಿಕೆ ಇಲ್ವೇನೇ?” ಎಂದಳು ಕಾಳಿನ ಮೇಜಿನ ಎರಡು ಜಡೆಯವಳು.

“ಕೆಮ್ತಾ ಇರೋದು ನಿಮ್ಮ ದೇಶ ಕಣೇ, ನಮ್ಮದಲ್ಲ!”

ಅಷ್ಟರಲ್ಲಿ ಎರಡು ಜಡೆಯವಳ ಸರದಿ ಬಂತು. ಚೀಟಿ ಎತ್ತಿ ಗಟ್ಟಿಯಾಗಿ ಓದಿದಳು: “ನೆರೆ ಬಂದಿದೆ. ಕೂಡಲೇ ವ್ಯವಸ್ಥೆ ಮಾಡಿಕೊಳ್ಳಿ.” ಓದಿದವಳೇ ಬೆಂಚು ಸರಿಸಿ ಜಾಗ ಮಾಡಿ, ಡಾಕ್ಟ್ರಮ್ಮನ ಮೇಜಿನತ್ತ ತಿರುಗಿ ಕೈ ಬೀಸಿದಳು. “ಬನ್ರೇ, ಎಲ್ಲರೂ ಬನ್ನಿ, ಕೂತ್ಕೊಳ್ಳಿ.”

“ಯಾಕೆ?”

“ನೆರೆ ಬಂದ್ರೆ ವ್ಯವಸ್ಥೆ ಮಾಡ್ಬೇಕಂತೆ. ನಮ್ಮ ನೆರೆ ನೀವೇ ತಾನೇ?”

ಔಷಧದ ದೇಶ ಇಡಿಯಾಗಿ ಎದ್ದು ಬಂದು ಕುಳಿತಿತು. ತಲೆಗೆ ಎರಡರಂತೆ ಕಾಳಿನ ಚೀಟಿ ಹಂಚಿಯೂ ಆಯಿತು.

ಆ ಊರಿಗೆ ಹೊಳೆಯಿಲ್ಲ. ನೆರೆಮನೆ ಬಿಟ್ಟರೆ ಬೇರೆ ನೆರೆಯನ್ನು ಆ ಮಕ್ಕಳು ಕೇಳಿದವರಲ್ಲ. ಹಿಂದಿನ ಬೆಂಚು ಕಿರುಗುಟ್ಟಿತು.

“ಏನ್ರೀ ಮೇಷ್ಟ್ರೇ, ಪದದ ಅರ್ಥವೇ ಗೊತ್ತಿಲ್ಲದೋರಿಗೆ ಪ್ರಪಂಚ ತೋರಿಸ್ತೀರಾ?”

“ತಪ್ಪು ನನ್ನದು ಮೇಡಂ,” ಎಂದು ಅವನು ಹುಡುಗಿಯತ್ತ ಬಗ್ಗಿದ. “ನೋಡಮ್ಮಾ, ಈ ನೆರೆ ಪಕ್ಕದವರಲ್ಲ. ಹೊಳೆ ಉಕ್ಕಿ ಮನೆಯೊಳಕ್ಕೆ ನುಗ್ಗೋ ನೀರು. ನಿಮ್ಮ ದೇಶ ಮುಳುಗಿದೆ. ಈಗೇನು ಮಾಡ್ತೀರಿ?”

ಅವಳು ಜಡೆಯ ತುದಿ ಕಚ್ಚಿಕೊಂಡು ಯೋಚಿಸಿದಳು. ಅನಂತರ ಡಾಕ್ಟ್ರಮ್ಮನನ್ನು ಕೇಳಿದಳು: “ನಿಮ್ಮ ಬೆಂಚು ಖಾಲಿ ಇದೆಯಲ್ಲ, ನಾವು ಬರ್ಲಾ?”

“ಬನ್ನಿ. ಕಾಳು ತಿಂದು ಇಲ್ಲ ಅನ್ನೋಕಾಗುತ್ತಾ? ಗುಳಿಗೆನೂ ಕೊಡ್ತೀವಿ, ನೆಂದಿರ್ತೀರ.”

ಎರಡು ದೇಶಗಳೂ ಕಾಳು ಹೊತ್ತು ಆಚೆಯ ಬೆಂಚಿಗೆ ನಡೆದವು. ಕುಳಿತ ಮೇಲೆ ಎರಡು ಜಡೆಯವಳು ಕೈ ಎತ್ತಿದಳು. “ಸರ್, ಇಂಥ ನೀರು ನಿಜವಾಗ್ಲೂ ಬರುತ್ತಾ? ಎಲ್ಲೆಲ್ಲಿ? ಅಲ್ಲಿಯೋರಿಗೆ ನೆರೆ ಇರ್ತಾರಾ?”

ಅವನು ಪೆಟ್ಟಿಗೆಯಿಂದ ಭೂಪಟ ತೆಗೆದು ಬಿಡಿಸಿದ. ಮಕ್ಕಳು ಮುತ್ತಿಕೊಂಡು ನದಿಗಳ ಮೇಲೆ ಬೆರಳಾಡಿಸುತ್ತ, ಯಾವ ದೇಶಕ್ಕೆ ಯಾವುದು ಹತ್ತಿರವೆಂದು ಹುಡುಕುತ್ತಿರುವಾಗಲೇ ಗಂಟೆ ಹೊಡೆಯಿತು. ಒಬ್ಬರೂ ಕದಲಲಿಲ್ಲ.

ದೊಡ್ಡ ಮೇಡಂ ಆ ಚೀಟಿಯನ್ನು ಎತ್ತಿ ನೋಡಿದರು. “ಮೂವತ್ತು ವರ್ಷದಿಂದ ಈ ಎರಡರ್ಥ ಬೋರ್ಡಿನ ಮೇಲೆ ಅಕ್ಕಪಕ್ಕ ಬರೀತಾ ಇದೀನಿ ಕಣ್ರೀ. ಒಂದಕ್ಕೊಂದು ಮಾತಾಡಿದ್ದು ಇವತ್ತೇ.” ಚೀಟಿಯನ್ನು ಮೇಷ್ಟ್ರ ಕೈಗಿಟ್ಟರು. “ಪ್ರತಿ ಗುರುವಾರ, ಕೊನೇ ಪಿರಿಯಡ್. ಚೀಟಿ ತಿದ್ದಬೇಡಿ. ಪಕ್ಕದೂರಿನ ಶಾಲೆ ಹೆಡ್ಮಾಸ್ಟ್ರು ನನ್ನ ತಮ್ಮ, ಅಲ್ಲಿಗೂ ಹೋಗಿ. ಅವನೇನಾದ್ರೂ ಕೊಂಕು ತೆಗೆದ್ರೆ, ಅಕ್ಕ ಕೇಳ್ತಾರೆ ಅನ್ನಿ. ತೆಪ್ಪಗಾಗ್ತಾನೆ.”

ಕಾಳಿನ ಚೀಟಿ, ಗುಳಿಗೆಯ ಚೀಟಿಗಳೆಲ್ಲ ಕಲಸಿಹೋಗಿದ್ದವು. ಬಸ್ಸಿನಲ್ಲಿ ಬಿಡಿಸಿಕೊಂಡರಾಯಿತೆಂದು ಪೆಟ್ಟಿಗೆಗೆ ಸುರಿದು, ಮುಚ್ಚಳ ಅದುಮಿ ಕೊಂಡಿ ಹಾಕಿ, ಹೆಗಲಿಗೇರಿಸಿಕೊಂಡು ಅವನು ಪಕ್ಕದೂರಿನ ಬಸ್ಸು ಹಿಡಿಯಲು ಹೊರಟ.