ಕಡ್ಡಿಚೀಲದ ಹೆಣ್ಣು

ಹಣ್ಣಿನ ಪಿಕಿಂಗ್ ಮುಗಿದು, ಕಾಂಡಕೊರಕ ದುಂಬಿ ಮೊಟ್ಟೆಯಿಡದಂತೆ ಕಾಫಿ ಗಿಡಗಳ ತೊಗಟೆ ತಿಕ್ಕುವ ಕೆಲಸ ಶುರುವಾಗಿತ್ತು. ತೊಗಟೆಯ ಜೊತೆ ಕಲ್ಲುಹೂವೂ ಉದುರುತ್ತಿತ್ತು. ಅದನ್ನು ತಿಂದು ಬದುಕುವ ಹುಳುಗಳೂ.

ಬಿಟ್ಟಂಗಾಲದ ಆ ಎಸ್ಟೇಟಿಗೆ ಲೆಕ್ಕ ಬರೆಯುವ ರೈಟರಾಗಿ ಬಂದಿದ್ದ ನಿಶ್ಮಿತಾ, ಗಿಡ ತಿಕ್ಕುತ್ತಿದ್ದ ಆಳು ಮಾರಿಯಕ್ಕನ ಗೋಣಿತಟ್ಟು ತಲುಪುವ ಮೊದಲು ಅಂಥ ಒಂದು ಹುಳುವನ್ನು ಬಿಡಿಸಿಕೊಂಡಳು. ಭತ್ತದ ಕಾಳಿನಷ್ಟು ಚೀಲ. ತನ್ನದೇ ನೂಲಿಗೆ ಕಡ್ಡಿ, ತೊಗಟೆ ಚೂರು ಅಂಟಿಸಿಕೊಂಡು ಹುಳು ಅದರೊಳಗಿತ್ತು.

“ಸೌದೆ ಹುಳ ಅದು ರೈಟ್ರಮ್ಮ. ಒಲೆಗೆ ಹಾಕ್ತೀರಾ?”

“ಸಾಕ್ತೀನಿ ಮಾರಿಯಕ್ಕ.”

“ನಾಯಿ ಸಾಕಿದ್ರೆ ಬೊಗಳ್ತಾದ್ರೂ ಇರ್ತಿತ್ತು. ನಿಮ್ಮನೇಲಿ ಒಂದು ಸದ್ದೂ ಇಲ್ಲ.”

ಅದು ನಿಜ. ಕ್ವಾರ್ಟರ್ಸಿನಲ್ಲಿ ನಿಶ್ಮಿತಾ ಒಬ್ಬಳೇ. ಭಾನುವಾರಗಳಲ್ಲಿ ಅವಳಿಗೆ ತನ್ನ ದನಿಯೇ ಕೇಳಿಸುತ್ತಿರಲಿಲ್ಲ.

ಅವಳು ಬಾಟಲಿಯಲ್ಲಿಟ್ಟ ಹುಳು ಚೀಲ ಹೊತ್ತುಕೊಂಡೇ ಕಲ್ಲುಹೂವು ತಿಂದಿತು. ತಾನು ಬೆಳೆದಂತೆ ಚೀಲವನ್ನೂ ಬೆಳೆಸಿತು. ಆಮೇಲೆ ಚೀಲವನ್ನು ಕಡ್ಡಿಗೆ ಬಿಗಿದು ಒಳಗೇ ಕೋಶವಾಯಿತು. ರೆಕ್ಕೆ ಬಂದ ದಿನ ಹಾರಿಬಿಡಬೇಕೆಂದು ಅವಳು ಕಾದಳು.

ರೆಕ್ಕೆ ಬರಲಿಲ್ಲ. ಒಂದು ಬೆಳಿಗ್ಗೆ ಚೀಲದ ಕೆಳತುದಿಯಲ್ಲಿ ಬಿಳಿಚಿದ ತಲೆಯೊಂದು ಇಣುಕಿ ಅಲ್ಲೇ ನಿಂತಿತು. ಆಗ ಕಾಲೇಜಿನಲ್ಲಿ ಓದಿದ್ದು ನೆನಪಾಯಿತು. ಇದು ಹೆಣ್ಣು, ಇದಕ್ಕೆ ರೆಕ್ಕೆಯೇ ಇಲ್ಲ. ಚೀಲದ ಬಾಯಲ್ಲಿ ಕೂತು, ಗಂಡು ಪತಂಗ ಬರಲೆಂದು ಗಾಳಿಗೆ ವಾಸನೆ ಬಿಡುತ್ತದೆ. ಯಾರೂ ಬರದಿದ್ದರೆ ಸೊರಗಿ ಕೆಳಗೆ ಬಿದ್ದುಹೋಗುತ್ತದೆ.

ಅವಳು ಮುಚ್ಚಳ ಕಿತ್ತು ಬಾಟಲಿಯನ್ನು ಕಿಟಕಿಯಲ್ಲಿಟ್ಟಳು. ಆದರೆ ಬರಲು ಯಾರು ಉಳಿದಿದ್ದಾರೆ? ಸುತ್ತಲಿನ ಗಿಡಗಳನ್ನೆಲ್ಲ ತಿಕ್ಕಿಯಾಗಿತ್ತು.

ಮರುದಿನ ಬೆಳಕು ಹರಿಯುವಾಗ ಸೊಳ್ಳೆ ಜಾಲರಿಯಲ್ಲಿ ಏನೋ ಪಟಪಟಿಸಿತು. ಸದ್ದಿರುವ ಮನೆಯಾಗಿದ್ದರೆ ಅದು ಕೇಳಿಸುತ್ತಲೇ ಇರಲಿಲ್ಲ. ಹೊರಗೆ ಒಂದು ಕಪ್ಪು ಗಂಡು ಪತಂಗ ಜಾಲರಿಗೆ ಬಡಿದುಕೊಳ್ಳುತ್ತಿತ್ತು. ರೆಕ್ಕೆಯ ಅಂಚು ಆಗಲೇ ಹರಿದಿತ್ತು. ಜಾಲರಿಯ ಚೌಕಟ್ಟು ತುಕ್ಕು ಹಿಡಿದು ಅಲ್ಲಾಡಲಿಲ್ಲ. ಅವಳು ಅಡುಗೆಮನೆಯ ಚೂರಿ ತಂದು ಜಾಲರಿಯನ್ನೇ ಸೀಳಿದಳು. ಪತಂಗ ಅವಳ ಕೆನ್ನೆ ಸವರಿಕೊಂಡು ನೇರ ಬಾಟಲಿಗೆ ಹೋಯಿತು.

ಸಂಜೆಗೆ ಅದು ಕಿಟಕಿಯ ಕಟ್ಟೆಯ ಮೇಲೆ ಸತ್ತು ಬಿದ್ದಿತ್ತು. ಹೆಣ್ಣು ಚೀಲದೊಳಗೆ ಮೊಟ್ಟೆಯಿಟ್ಟು ತಾನೂ ಒಣಗಿ ಉದುರಿತು. ನಿಶ್ಮಿತಾ ಆ ಚೀಲವನ್ನು ಯಾರೂ ತಿಕ್ಕದ ಹಲಸಿನ ಮರಕ್ಕೆ, ಕಲ್ಲುಹೂವಿನ ನಡುವೆ ಕಟ್ಟಿ ಬಂದಳು.

“ಜಾಲರಿ ಹರಿದಿದೆಯಲ್ಲ, ಕಳ್ಳ ಬಂದಿದ್ನಾ?” ಮಾರಿಯಕ್ಕ ಕೇಳಿದಳು.

“ನೆಂಟ ಬಂದಿದ್ದ.”

“ಅಬ್ಬಾ! ನಿಮ್ಮನ್ನ ನೋಡೋಕಾ?”

“ಅಲ್ಲ.”

ಮಾರಿಯಕ್ಕ ನಗು ನಿಲ್ಲಿಸಿ ಅವಳ ಮುಖ ನೋಡಿದಳು. “ದಾರ ಇದೆ, ಹೊಲಿದು ಕೊಡ್ಲಾ?”

“ಬೇಡ. ಹಾಗೇ ಇರ್ಲಿ.”